ಐರೋಪ್ಯ ಕ್ರೈಸ್ತ ಚಿತ್ರಕಲೆ: ಸಕಲೇಶಪುರ–ಆಲೂರು ಮಲೆಸೀಮೆಯ ನೋಟ

ಯೇಸುವಿನ ಜೀವನ, ಬೈಬಲ್ಲಿನ ಕಥೆಗಳು, ಸಂತರ ಚರಿತ್ರೆ ಇವುಗಳನ್ನು ವಸ್ತುವಾಗಿಸಿಕೊಂಡು ಯೂರೋಪಿನಲ್ಲಿ ಹದಿನೇಳು ಶತಮಾನಗಳಿಗೂ ಹೆಚ್ಚು ಕಾಲ ಬೆಳೆದುಬಂದ ಚಿತ್ರಪರಂಪರೆ. ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು ತಾಲ್ಲೂಕುಗಳ ಕ್ರೈಸ್ತ ಮನೆಗಳಲ್ಲಿ ಈ ಪರಂಪರೆ ಅಚ್ಚಿನ ಪಟಗಳ ರೂಪದಲ್ಲಿ ಇಂದಿಗೂ ಜೀವಂತವಾಗಿದೆ. ಈ ಗುಡ್ಡಗಳಿಂದ ಪೂರ್ವಕ್ಕೆ ಹೋದರೆ ಹೇಮಾವತಿ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಬರಿಗೋಡೆಯ ಚರ್ಚ್ ಸಿಗುತ್ತದೆ. ಪಶ್ಚಿಮಕ್ಕೆ ಘಟ್ಟ ಇಳಿದರೆ ಗೋಡೆ, ಚಾವಣಿ ಎಲ್ಲವೂ ಚಿತ್ರದಿಂದ ತುಂಬಿದ ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ ಸಿಗುತ್ತದೆ. ಇವೆರಡರ ನಡುವೆ ನಿಂತು ಈ ಕಲೆಯ ಅರ್ಥವನ್ನೂ ಅದರ ಹಿಂದಿರುವ ನಂಬಿಕೆಯನ್ನೂ ಈ ಲೇಖನ ಪರಿಚಯಿಸುತ್ತದೆ.

ಸೀಮೆ ಮತ್ತು ಜನ

ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿ, ಪಶ್ಚಿಮಘಟ್ಟದ ಅಂಚಿನಲ್ಲಿದೆ. ಮಳೆನೀರು ಇಲ್ಲಿ ಎರಡು ದಾರಿ ಹಿಡಿಯುತ್ತದೆ. ಹೇಮಾವತಿ ಪೂರ್ವಕ್ಕೆ ತಿರುಗಿ ಗೊರೂರಿನ ಕಡೆ ಸಾಗುತ್ತದೆ. ಘಟ್ಟದಿಂದ ಇಳಿಯುವ ಕೆಂಪುಹೊಳೆಯ ನೀರು ಕುಮಾರಧಾರೆಯ ಮೂಲಕ ನೇತ್ರಾವತಿಯನ್ನು ಸೇರಿ ಮಂಗಳೂರಿನಲ್ಲಿ ಕಡಲಿಗೆ ಬೀಳುತ್ತದೆ. ಕ್ರೈಸ್ತ ಧರ್ಮ ಈ ಸೀಮೆಯನ್ನು ಮುಟ್ಟಿದ್ದು ಇವೇ ಎರಡು ದಿಕ್ಕುಗಳಿಂದ. ಮೈದಾನದ ಕಡೆಯಿಂದ ಮೈಸೂರು ಮಿಷನ್ನಿನ ಫ್ರೆಂಚ್ ಪಾದ್ರಿಗಳು ಬಂದರು. ಕಾಫಿ ತೋಟಗಳು ಹಬ್ಬಿದಂತೆ ಕರಾವಳಿಯ ಕೊಂಕಣಿ ಮಾತಿನ ಕಥೋಲಿಕರು ಘಟ್ಟ ಹತ್ತಿದರು. ಆಡಳಿತದ ದೃಷ್ಟಿಯಿಂದ ಹಾಸನ ಜಿಲ್ಲೆ ಮೊದಲು ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿತ್ತು. 1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯ ರಚನೆಯಾದಾಗ ಅದರೊಳಕ್ಕೆ ಬಂತು.

ಹೀಗೆ ಬಂದವರ ಪೆಟ್ಟಿಗೆಯಲ್ಲಿ ಜಪಸರ, ಪ್ರಾರ್ಥನೆಯ ಪುಸ್ತಕಗಳ ಜೊತೆಗೆ ಪಟಗಳೂ ಇದ್ದವು. ಆ ಪಟಗಳ ಮೂಲ ರೋಮ್, ಮಿಲಾನ್, ಫ್ಲಾರೆನ್ಸ್‌ನ ಗೋಡೆಗಳಲ್ಲಿತ್ತು.

ಲಕ್ಷಣ ತಿಳಿದು ಓದುವುದು

ಈ ಚಿತ್ರಗಳನ್ನು ಓದಲು ಬೇಕಾದ ಅಭ್ಯಾಸ ಹಾಸನದ ಜನಕ್ಕೆ ಹೊಸದಲ್ಲ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯ ಸಕಲೇಶಪುರಕ್ಕೆ ಹತ್ತಿರದಲ್ಲೇ ಇದೆ. ಅಲ್ಲಿ ವಿಷ್ಣುವಿನ ಇಪ್ಪತ್ನಾಲ್ಕು ರೂಪಗಳಲ್ಲಿ ಯಾವುದು ಕೇಶವ, ಯಾವುದು ಮಾಧವ ಎಂದು ಗೊತ್ತಾಗುವುದು ಶಂಖ, ಚಕ್ರ, ಗದೆ, ಪದ್ಮಗಳು ಯಾವ ಯಾವ ಕೈಯಲ್ಲಿವೆ ಎಂಬುದರಿಂದ. ಹಳೇಬೀಡಿನ ಗೋಡೆಪಟ್ಟಿಕೆಯಲ್ಲಿ ರಾಮಾಯಣ ಸಾಲಾಗಿ ನಡೆಯುತ್ತದೆ. ಕಥೆ ಬಲ್ಲವನಿಗೆ ಕಲ್ಲು ಮಾತಾಡುತ್ತದೆ, ಬಾರದವನಿಗೆ ಅದು ಬರೀ ಕುಸುರಿ.

ಐರೋಪ್ಯ ಚಿತ್ರಕಾರರೂ ಇಂಥದೇ ಲಕ್ಷಣಗಳ ಭಾಷೆಯನ್ನು ಕಟ್ಟಿಕೊಂಡರು. ಕೈಯಲ್ಲಿ ಬೀಗದ ಕೈ ಹಿಡಿದವನು ಪ್ರೇಷಿತ ಪೇತ್ರ. ಸ್ವರ್ಗರಾಜ್ಯದ ಬೀಗದ ಕೈಗಳನ್ನು ನಿನಗೆ ಕೊಡುತ್ತೇನೆಂದು ಯೇಸು ಅವನಿಗೆ ಹೇಳಿದ್ದೇ ಅದಕ್ಕೆ ಆಧಾರ. ಖಡ್ಗ ಹಿಡಿದವನು ಪೌಲ. ಅವನು ತಲೆ ಕಡಿಸಿಕೊಂಡು ಹುತಾತ್ಮನಾದನೆಂಬುದು ಪರಂಪರೆಯ ನಂಬಿಕೆ. ಶುಭಸಂದೇಶ ಬರೆದ ನಾಲ್ವರಲ್ಲಿ ಮತ್ತಾಯನಿಗೆ ಮನುಷ್ಯರೂಪ, ಮಾರ್ಕನಿಗೆ ಸಿಂಹ, ಲೂಕನಿಗೆ ಎತ್ತು, ಯೊವಾನ್ನನಿಗೆ ಹದ್ದು ಗುರುತು. ದೇವದೂತ ಗಬ್ರಿಯೇಲ ಮರಿಯಮ್ಮನ ಮುಂದೆ ಹಿಡಿದ ಬಿಳಿ ಲಿಲ್ಲಿ ಹೂ ಪರಿಶುದ್ಧತೆಯ ಸಂಕೇತ. ಕುರಿಮರಿ ಎಂದರೆ ಜನರ ಪಾಪಕ್ಕಾಗಿ ಬಲಿಯಾದ ಯೇಸು. ಶಿಲುಬೆಯ ಬುಡದಲ್ಲಿರುವ ತಲೆಬುರುಡೆ ಆದಿಮಾನವ ಆದಾಮನದು: ಮೊದಲ ಮನುಷ್ಯನಿಂದ ಬಂದ ಸಾವನ್ನು ಯೇಸುವಿನ ರಕ್ತ ತೊಳೆಯಿತು ಎಂಬ ಇಡೀ ಸಿದ್ಧಾಂತ ಆ ಒಂದು ಬುರುಡೆಯಲ್ಲಿದೆ.

ಬೆಳವಣಿಗೆ

ರೋಮ್ ನಗರದ ನೆಲದಡಿಯ ಸಮಾಧಿ ಸುರಂಗಗಳಲ್ಲಿ ಕ್ರೈಸ್ತರು ಬರೆದ ಚಿತ್ರಗಳು ಅತ್ಯಂತ ಹಳೆಯವುಗಳಲ್ಲಿ ಸೇರಿವೆ. ಹೆಗಲ ಮೇಲೆ ಕುರಿ ಹೊತ್ತ ಒಳ್ಳೆಯ ಕುರುಬ ಅಲ್ಲಿನ ಮುಖ್ಯ ರೂಪ. ವಿಗ್ರಹ ಮಾಡಬಾರದೆಂಬ ಬೈಬಲ್ಲಿನ ಆಜ್ಞೆ ಇದ್ದುದರಿಂದ ಚಿತ್ರ ಇರಬಹುದೇ ಎಂಬ ಪ್ರಶ್ನೆ ಮೊದಲಿನಿಂದಲೂ ಕಾಡಿತು. ಕ್ರಿ.ಶ. 600ರ ಸುಮಾರಿಗೆ ಪೋಪ್ ಮೊದಲನೆಯ ಗ್ರೆಗೊರಿ, ಚರ್ಚಿನ ಚಿತ್ರಗಳನ್ನು ಒಡೆಸಿದ ಮಾರ್ಸೇ ನಗರದ ಬಿಷಪ್ಪನಿಗೆ ಪತ್ರ ಬರೆದು, ಓದು ಬಲ್ಲವರಿಗೆ ಗ್ರಂಥ ಹೇಗೋ ಓದು ಬಾರದವರಿಗೆ ಚಿತ್ರ ಹಾಗೆ ಎಂದು ತಿಳಿಹೇಳಿದ. ಪೂರ್ವದ ಬೈಜಾಂಟಿಯಂ ಸಾಮ್ರಾಜ್ಯದಲ್ಲಿ ಎಂಟನೆಯ ಶತಮಾನದಲ್ಲಿ ಚಿತ್ರಭಂಜನೆಯ ದೊಡ್ಡ ಚಳವಳಿಯೇ ನಡೆಯಿತು. 787ರಲ್ಲಿ ಸೇರಿದ ನೈಸಿಯಾದ ಎರಡನೆಯ ಮಹಾಸಭೆ ಚಿತ್ರಕ್ಕೆ ಸಲ್ಲಿಸುವ ಗೌರವ ಚಿತ್ರದಲ್ಲಿರುವವರಿಗೆ ಸಲ್ಲುತ್ತದೆ, ಆರಾಧನೆ ಮಾತ್ರ ದೇವರೊಬ್ಬನಿಗೇ ಎಂದು ತೀರ್ಮಾನಿಸಿತು. ಮುಂದಿನ ಕಲೆಗೆಲ್ಲ ಈ ತೀರ್ಮಾನವೇ ತಳಹದಿ.

ಇಟಲಿಯ ಪಾದುವಾದಲ್ಲಿ ಜೊತ್ತೊ ಸುಮಾರು 1305ರಲ್ಲಿ ಸ್ಕ್ರೊವೇಞಿ ಚಾಪೆಲ್ಲಿನ ಗೋಡೆಗಳ ಮೇಲೆ ಮರಿಯಮ್ಮ ಮತ್ತು ಯೇಸುವಿನ ಜೀವನವನ್ನು ಚಿತ್ರಿಸಿದ. ಅಲ್ಲಿಯವರೆಗೆ ಚಿನ್ನದ ಹಿನ್ನೆಲೆಯಲ್ಲಿ ನಿಶ್ಚಲವಾಗಿ ನಿಲ್ಲುತ್ತಿದ್ದ ಸಂತರು ಅವನಲ್ಲಿ ಅಳುತ್ತಾರೆ, ಅಪ್ಪಿಕೊಳ್ಳುತ್ತಾರೆ, ಬೆನ್ನು ತಿರುಗಿಸಿ ಕೂರುತ್ತಾರೆ. ಫ್ಲಾರೆನ್ಸ್‌ನಲ್ಲಿ ಮಸಾಚ್ಚೊ ಸುಮಾರು 1427ರಲ್ಲಿ ಬರೆದ 'ತ್ರಿತ್ವ' ಗೋಡೆಯಲ್ಲಿ ಕಮಾನಿನ ಕೋಣೆಯೇ ತೆರೆದಂತೆ ಆಳವನ್ನು ತೋರಿಸಿತು. ಉತ್ತರದ ಗೆಂಟ್ ನಗರದಲ್ಲಿ 1432ರಲ್ಲಿ ಪೂರ್ಣಗೊಂಡ ಬಲಿಪೀಠದ ಚಿತ್ರದಲ್ಲಿ ಯಾನ್ ವಾನ್ ಐಕ್ ಹುಲ್ಲು, ಹೂವು, ರತ್ನಗಳ ಒಂದೊಂದು ಹೊಳಪನ್ನೂ ಬಿಡದೆ ಬರೆದ. ರೋಮ್‌ನಲ್ಲಿ ಮೈಕೆಲ್‌ಆಂಜೆಲೊ 1508ರಿಂದ 1512ರವರೆಗೆ ಸಿಸ್ಟೈನ್ ಚಾಪೆಲ್ಲಿನ ಚಾವಣಿಯ ಮೇಲೆ ಸೃಷ್ಟಿಯ ಕಥೆಯನ್ನು ಬರೆದ.

ಹದಿನಾರನೆಯ ಶತಮಾನದ ಧರ್ಮಸುಧಾರಣೆಯ ಕಾಲದಲ್ಲಿ ಪ್ರೊಟೆಸ್ಟೆಂಟರು ಅನೇಕ ಕಡೆ ಚರ್ಚಿನ ಚಿತ್ರಗಳನ್ನು ತೆಗೆದುಹಾಕಿದರು. ಕಥೋಲಿಕ ಸಭೆ 1563ರಲ್ಲಿ ಟ್ರೆಂಟ್ ಮಹಾಸಭೆಯಲ್ಲಿ ಚಿತ್ರಗಳ ಬಳಕೆಯನ್ನು ಮತ್ತೆ ಎತ್ತಿಹಿಡಿಯಿತು. ಅದರ ಫಲವಾಗಿ ಜನರ ಮನಸ್ಸನ್ನು ನೇರವಾಗಿ ತಟ್ಟುವ ಕಲೆ ಬೆಳೆಯಿತು. ಕಾರವಾಜೊ ಬರೆದ ಲೊರೆತೊ ಮಾತೆಯ ಚಿತ್ರದಲ್ಲಿ ಮಂಡಿಯೂರಿದ ಬಡ ಯಾತ್ರಿಕರ ಕೊಳೆಯಾದ ಅಂಗಾಲು ನೋಡುವವರ ಕಣ್ಣಿಗೇ ಎದುರಾಗುತ್ತದೆ. ಗದ್ದೆಯಿಂದ, ತೋಟದಿಂದ ಬರಿಗಾಲಲ್ಲಿ ಬಂದು ದೇವರ ಮುಂದೆ ಕೂತವರಿಗೆ ಆ ಚಿತ್ರ ಬಿಡಿಸಿ ಹೇಳಬೇಕಿಲ್ಲ. ಪ್ರೊಟೆಸ್ಟೆಂಟ್ ಹಾಲೆಂಡಿನಲ್ಲೂ ರೆಂಬ್ರಾಂಟ್ ಬೈಬಲ್ಲನ್ನು ಬಿಡಲಿಲ್ಲ. ಮನೆಬಿಟ್ಟು ಹೋಗಿ ಆಸ್ತಿ ಕಳೆದುಕೊಂಡು ಮರಳಿದ ಮಗನ ಹೆಗಲ ಮೇಲೆ ಮುದಿ ತಂದೆ ಎರಡೂ ಕೈ ಇಟ್ಟಿರುವ ಚಿತ್ರ ಅವನ ಕೊನೆಯ ವರ್ಷಗಳದು.

ಬಣ್ಣ ಮತ್ತು ವಿಧಾನ

ಗೋಡೆಚಿತ್ರಕ್ಕೆ ಬಳಸಿದ ಮುಖ್ಯ ವಿಧಾನ ಫ್ರೆಸ್ಕೊ. ಸುಣ್ಣದ ಗಾರೆ ಇನ್ನೂ ಹಸಿಯಿರುವಾಗಲೇ ನೀರಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಗಾರೆ ಒಣಗುತ್ತ ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಆದ್ದರಿಂದ ಒಂದು ದಿನದಲ್ಲಿ ಬರೆಯಬಹುದಾದಷ್ಟೇ ಜಾಗಕ್ಕೆ ಗಾರೆ ಮೆತ್ತುತ್ತಿದ್ದರು. ಹಲಗೆಯ ಮೇಲಿನ ಚಿತ್ರಕ್ಕೆ ಮೊಟ್ಟೆಯ ಹಳದಿಯಲ್ಲಿ ಕಲಸಿದ ಬಣ್ಣ ಬಳಕೆಯಲ್ಲಿತ್ತು. ಹದಿನೈದನೆಯ ಶತಮಾನದಿಂದ ಅಗಸೆ ಎಣ್ಣೆಯಂಥ ಎಣ್ಣೆಗಳಲ್ಲಿ ಕಲಸಿದ ತೈಲವರ್ಣ ಮುಂದೆ ಬಂತು.

ಬಣ್ಣದ ಆಯ್ಕೆಯಲ್ಲೂ ಭಕ್ತಿ ಇತ್ತು. ಮರಿಯಮ್ಮನ ನಿಲುವಂಗಿಯ ಕಡುನೀಲಿಯನ್ನು ಆಫ್ಘಾನಿಸ್ತಾನದ ಬದಕ್ಷಾನ್ ಗಣಿಗಳಿಂದ ಬಂದ ಲಾಜವರ್ದ ಕಲ್ಲನ್ನು ಅರೆದು ತಯಾರಿಸುತ್ತಿದ್ದರು. ಅದು ಚಿನ್ನದಷ್ಟೇ ಬೆಲೆಬಾಳುತ್ತಿತ್ತು. ಇರುವುದರಲ್ಲಿ ಅತ್ಯುತ್ತಮವಾದದ್ದು ಮಾತೆಗೆ ಸಲ್ಲಬೇಕೆಂಬುದೇ ಆ ನೀಲಿಯ ಅರ್ಥ.

ಹತ್ತಿರದಿಂದ ಎರಡು ಚಿತ್ರ

ಮಲೆನಾಡಿನ ಕಥೋಲಿಕ ಮನೆಗಳಲ್ಲಿ ಊಟದ ಮೇಜಿನ ಮೇಲ್ಗಡೆ ಸಾಮಾನ್ಯವಾಗಿ ಕಾಣುವ ಪಟ 'ಅಂತಿಮ ಭೋಜನ'. ಇದರ ಮೂಲವನ್ನು ಲಿಯೊನಾರ್ಡೊ ಡ ವಿಂಚಿ 1495ರಿಂದ 1498ರ ನಡುವೆ ಮಿಲಾನ್ ನಗರದ ಸಾಂತಾ ಮರಿಯಾ ದೆಲ್ಲೆ ಗ್ರಾತ್ಸಿಯೆ ಮಠದ ಊಟದ ಮನೆಯಲ್ಲಿ ಬರೆದ. ನಿಮ್ಮಲ್ಲೊಬ್ಬ ನನಗೆ ದ್ರೋಹ ಬಗೆಯುತ್ತಾನೆ ಎಂದು ಯೇಸು ಹೇಳಿದ ಮರುಕ್ಷಣ ಅದು. ಹನ್ನೆರಡು ಶಿಷ್ಯರು ಮೂವರು ಮೂವರಾಗಿ ನಾಲ್ಕು ಗುಂಪಾಗಿ ಕಲಕಿಹೋಗಿದ್ದಾರೆ. ನಡುವೆ ಯೇಸು ಒಬ್ಬನೇ ಶಾಂತ. ಕೋಣೆಯ ಎಲ್ಲ ಗೆರೆಗಳೂ ಅವನ ತಲೆಯ ಕಡೆಗೇ ಓಡುತ್ತವೆ, ಹಿಂದಿನ ಕಿಟಕಿಯ ಬೆಳಕು ಪ್ರಭಾವಳಿಯ ಕೆಲಸ ಮಾಡುತ್ತದೆ. ಯೂದ ಹಣದ ಚೀಲವನ್ನು ಬಿಗಿಯಾಗಿ ಹಿಡಿದು ಹಿಂದಕ್ಕೆ ಸರಿದಿದ್ದಾನೆ. ಪೇತ್ರನ ಕೈಯಲ್ಲಿ ಚಾಕು ಇದೆ. ಅದೇ ರಾತ್ರಿ ತೋಪಿನಲ್ಲಿ ಯೇಸುವನ್ನು ಹಿಡಿಯಲು ಬಂದವನ ಕಿವಿ ಕತ್ತರಿಸುವವನು ಅವನೇ. ಬೆರಳೆತ್ತಿದ ತೋಮ ಮುಂದೆ ಯೇಸುವಿನ ಗಾಯದಲ್ಲಿ ಅದೇ ಬೆರಳಿಡದೆ ನಂಬಲಾರೆನೆಂದು ಹೇಳುವವನು.

ಲಿಯೊನಾರ್ಡೊ ಹಸಿಗಾರೆಯ ವಿಧಾನ ಬಿಟ್ಟು ಒಣಗೋಡೆಯ ಮೇಲೆ ಬರೆದುದರಿಂದ ಬಣ್ಣ ಬೇಗನೆ ಉದುರತೊಡಗಿತು. 1652ರಲ್ಲಿ ಗೋಡೆಗೆ ಬಾಗಿಲು ಕೊರೆದಾಗ ಯೇಸುವಿನ ಪಾದಗಳ ಭಾಗ ಹೋಯಿತು. 1943ರ ಬಾಂಬ್ ದಾಳಿಯಲ್ಲಿ ಕಟ್ಟಡ ಕುಸಿದರೂ ಈ ಗೋಡೆ ಉಳಿಯಿತು. ಇಪ್ಪತ್ತಕ್ಕೂ ಹೆಚ್ಚು ವರ್ಷ ನಡೆದ ಜೀರ್ಣೋದ್ಧಾರ 1999ರಲ್ಲಿ ಮುಗಿಯಿತು. ಮಠದವರು ಮೌನವಾಗಿ ಉಣ್ಣುತ್ತಿದ್ದ ಕೋಣೆಗೆಂದೇ ಬರೆದ ಚಿತ್ರ ಇದು. ಊಟದ ಮೇಜಿನ ಮೇಲೆ ಅದರ ಪಟ ಹಾಕುವ ನಮ್ಮ ಮನೆಗಳು ಮೂಲದ ಉದ್ದೇಶವನ್ನೇ ಪಾಲಿಸುತ್ತಿವೆ.

ಎರಡನೆಯದು ಮಾಥಿಯಾಸ್ ಗ್ರೂನೆವಾಲ್ಡ್ 1512ರಿಂದ 1516ರ ನಡುವೆ ಬರೆದ ಇಸೆನ್‌ಹೈಮ್ ಬಲಿಪೀಠದ ಚಿತ್ರ. ಈಗ ಫ್ರಾನ್ಸಿನ ಕೊಲ್ಮಾರ್‌ನಲ್ಲಿದೆ. ಅದನ್ನು ಬರೆಸಿದ ಸಂತ ಅಂತೋನಿಯ ಮಠ ರೋಗಿಗಳ ಶುಶ್ರೂಷೆ ನಡೆಸುತ್ತಿತ್ತು. ರೈ ಧಾನ್ಯದ ತೆನೆಗೆ ತಗಲುವ ಒಂದು ಶಿಲೀಂಧ್ರ ಹಿಟ್ಟಿನಲ್ಲಿ ಬೆರೆತರೆ ಮೈಯೆಲ್ಲ ಉರಿದು ಕೈಕಾಲು ಕೊಳೆಯುವ ರೋಗ ಬರುತ್ತಿತ್ತು. ಆ ರೋಗಿಗಳ ಕಣ್ಣಮುಂದೆ ಗ್ರೂನೆವಾಲ್ಡ್ ನಿಲ್ಲಿಸಿದ ಯೇಸುವಿನ ಮೈಯೂ ಹುಣ್ಣುಗಳಿಂದ ತುಂಬಿದೆ, ಬೆರಳುಗಳು ನೋವಿಗೆ ಸೆಟೆದಿವೆ. ನಿನ್ನ ನೋವು ಅವನದೂ ಹೌದು ಎಂದು ಆ ಚಿತ್ರ ಹೇಳುತ್ತದೆ. ಬಲಿಪೀಠದ ಕದ ತೆರೆದಾಗ ಒಳಗಡೆ ಅದೇ ಯೇಸು ಗಾಯ ಮಾಯ್ದ ಬೆಳಕಿನ ಮೈಯಲ್ಲಿ ಸಮಾಧಿಯಿಂದ ಎದ್ದು ಬರುತ್ತಾನೆ. ಈ ಎರಡನ್ನೂ ಒಟ್ಟಿಗೆ ನೋಡಿದವನಿಗೆ ಕ್ರೈಸ್ತ ನಂಬಿಕೆಯ ತಿರುಳು ಸಿಕ್ಕಂತೆ.

ಮನೆಯ ಗೋಡೆ

ಕಾಫಿ ತೋಟದ ಲೈನ್ ಮನೆಯಿಂದ ಹಿಡಿದು ಮಾಲೀಕರ ಬಂಗಲೆಯವರೆಗೆ ಕಥೋಲಿಕರ ಮನೆಯ ನಡುಕೋಣೆಯಲ್ಲಿ ತಪ್ಪದೆ ಕಾಣುವುದು ಯೇಸುವಿನ ಪವಿತ್ರ ಹೃದಯದ ಪಟ. ಎದುರಿಗೆ ಸಣ್ಣ ದೀಪ, ಸಂಜೆಯ ಹೊತ್ತು ಮನೆಮಂದಿಯೆಲ್ಲ ಕೂಡಿ ಹೇಳುವ ಜಪಸರ. ಈ ಭಕ್ತಿ ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಸಂನ್ಯಾಸಿನಿ ಮಾರ್ಗರೆಟ್ ಮೇರಿ ಅಲಕೋಕ್ ಕಂಡ ದರ್ಶನಗಳಿಂದ ಹರಡಿತು. ಚಿತ್ರರೂಪಕ್ಕೆ ಮುಖ್ಯ ಮಾದರಿ ಪೊಂಪೆಯೊ ಬಾತೋನಿ 1767ರಲ್ಲಿ ಬರೆದ, ರೋಮ್‌ನ ಜೆಸು ಚರ್ಚಿನಲ್ಲಿರುವ ಚಿತ್ರ. ಹೃದಯದ ಮೇಲಿನ ಜ್ವಾಲೆ ಪ್ರೀತಿಯನ್ನು, ಸುತ್ತಿದ ಮುಳ್ಳು ಮನುಷ್ಯರ ಕೃತಘ್ನತೆಯನ್ನು, ನೆತ್ತಿಯ ಶಿಲುಬೆ ಬಲಿಯನ್ನು ಸೂಚಿಸುತ್ತವೆ.

ಚರ್ಚಿನೊಳಗೆ ಈ ಪರಂಪರೆಯ ಇನ್ನೊಂದು ರೂಪ ಶಿಲುಬೆ ಹಾದಿ. ಮರಣದಂಡನೆಯ ತೀರ್ಪಿನಿಂದ ಸಮಾಧಿಯವರೆಗಿನ ಹದಿನಾಲ್ಕು ಚಿತ್ರಗಳು ಎರಡೂ ಗೋಡೆಗಳ ಮೇಲೆ ಸಾಲಾಗಿರುತ್ತವೆ. ಈ ಸಂಖ್ಯೆಯನ್ನು 1731ರಲ್ಲಿ ಪೋಪ್ ಹನ್ನೆರಡನೆಯ ಕ್ಲೆಮೆಂಟ್ ಗೊತ್ತುಪಡಿಸಿದ. ತಪಸ್ಸುಕಾಲದ ಶುಕ್ರವಾರಗಳಲ್ಲಿ ಜನ ಒಂದೊಂದು ಚಿತ್ರದ ಮುಂದೂ ಮಂಡಿಯೂರಿ ಮುಂದೆ ಸಾಗುತ್ತಾರೆ. ಕ್ರೈಸ್ತ ಚಿತ್ರಕಲೆಯನ್ನು ಕಣ್ಣಿನ ಜೊತೆ ಕಾಲಿನಿಂದಲೂ ಓದುವ ಪದ್ಧತಿ ಇದು.

ಮಂಗಳೂರಿನ ಚಾಪೆಲ್

ಶಿರಾಡಿ ಘಟ್ಟ ಇಳಿದು ಮಂಗಳೂರಿನ ಬಾವುಟಗುಡ್ಡೆ ಏರಿದರೆ, ಇಟಲಿಯ ಗೋಡೆಚಿತ್ರ ಪರಂಪರೆ ಕರ್ನಾಟಕದಲ್ಲಿ ಪೂರ್ಣರೂಪದಲ್ಲಿ ಬೇರೂರಿದ ಜಾಗ ಸಿಗುತ್ತದೆ. 1878ರ ಕೊನೆಯಲ್ಲಿ ಇಟಲಿಯ ಯೇಸುಸಭೆಯವರು (ಜೆಸ್ವಿಟರು) ಮಂಗಳೂರಿಗೆ ಬಂದರು, 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದರು. ಆ ದಶಕದಲ್ಲೇ ಕಟ್ಟಿದ ಚಾಪೆಲ್ಲಿನ ಒಳಗೋಡೆಗಳನ್ನು ಚಿತ್ರಿಸಿದವರು ಬ್ರದರ್ ಆಂತೋನಿಯೊ ಮೊಸ್ಕೇನಿ.

ಮೊಸ್ಕೇನಿ 1854ರಲ್ಲಿ ಬೆರ್ಗಾಮೊ ಬಳಿಯ ಸ್ತೆತ್ಸಾನೊದಲ್ಲಿ ಹುಟ್ಟಿದರು. ಬೆರ್ಗಾಮೊದ ಕರ್ರಾರಾ ಕಲಾಶಾಲೆಯಲ್ಲಿ ಕಲಿತು, ರೋಮ್‌ನಲ್ಲಿ ಹಳೆಯ ಗುರುಗಳ ಕೃತಿಗಳನ್ನು ಅಭ್ಯಾಸ ಮಾಡಿದರು. ಹೆಸರು ಮಾಡುತ್ತಿದ್ದ ಕಾಲದಲ್ಲೇ, 1889ರಲ್ಲಿ, ಯೇಸುಸಭೆ ಸೇರಿ ಸಾಮಾನ್ಯ ಸಹೋದರರಾದರು. ರೋಮ್‌ನ ಸಂತ ಇಗ್ನಾತಿಯ ಚರ್ಚಿನ ಚಾವಣಿಯನ್ನು ಹದಿನೇಳನೆಯ ಶತಮಾನದಲ್ಲಿ ಚಿತ್ರಿಸಿದ ಆಂದ್ರೆಯಾ ಪೊಝೊ ಕೂಡ ಯೇಸುಸಭೆಯ ಇಂಥದೇ ಸಹೋದರ. ಮಂಗಳೂರಿಗೆ ಬಂದ ಮೊಸ್ಕೇನಿ 1899ರಲ್ಲಿ ಚಾಪೆಲ್ಲಿನ ಕೆಲಸ ಹಿಡಿದು ಸುಮಾರು ಎರಡು ವರ್ಷಗಳಲ್ಲಿ ಮುಗಿಸಿದರು. ಫ್ರೆಸ್ಕೊ, ಕ್ಯಾನ್‌ವಾಸ್ ಮೇಲಿನ ತೈಲವರ್ಣ ಎರಡನ್ನೂ ಅವರು ಬಳಸಿದ್ದಾರೆ.

ಚಾವಣಿಯ ನಡುಸಾಲಿನಲ್ಲಿ ಸಂತ ಅಲೋಶಿಯಸ್ ಗೊಂಜಾಗನ ಜೀವನವಿದೆ. 1568ರಲ್ಲಿ ಕಾಸ್ತಿಲಿಯೋನೆಯ ಪಾಳೆಯಗಾರ ಮನೆತನದಲ್ಲಿ ಹುಟ್ಟಿದ ಅವನು ಹಿರಿಮಗನ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಟ್ಟು ಸಂನ್ಯಾಸಿಯಾದ, 1591ರಲ್ಲಿ ರೋಮ್‌ನಲ್ಲಿ ಸಾಂಕ್ರಾಮಿಕ ಹಬ್ಬಿದಾಗ ರೋಗಿಗಳ ಸೇವೆ ಮಾಡುತ್ತ ತಾನೂ ರೋಗ ತಗಲಿ 23ನೆಯ ವಯಸ್ಸಿನಲ್ಲಿ ತೀರಿಕೊಂಡ. ಚಾವಣಿಯ ಇಳಿಜಾರಿನಲ್ಲಿ ಪ್ರೇಷಿತರು, ಪಕ್ಕದ ಗೋಡೆಗಳಲ್ಲಿ ಸಂತರು ಮತ್ತು ಯೇಸುವಿನ ಜೀವನದ ಪ್ರಸಂಗಗಳಿವೆ. ಹಿಂಗೋಡೆಯ ದೊಡ್ಡ ಚಿತ್ರದಲ್ಲಿ ಮಕ್ಕಳ ನಡುವೆ ಯೇಸು ಇದ್ದಾನೆ. ಚಾವಣಿಯ ಹೂಮಾಲೆಗಳು ನೆಳಲು ಬೆಳಕಿನ ಚಳಕದಿಂದ ನಿಜವಾಗಿಯೂ ಉಬ್ಬಿ ತೂಗುವಂತೆ ಕಾಣುತ್ತವೆ. ವಿದ್ಯಾರ್ಥಿಗಳಿಗೆಂದು ಕಟ್ಟಿದ ಚಾಪೆಲ್ಲಿನಲ್ಲಿ ಚಿತ್ರಕಾರ ಆರಿಸಿಕೊಂಡ ಕಥಾನಾಯಕ ಒಬ್ಬ ಯುವಕ. ಬದುಕನ್ನು ಯಾವುದಕ್ಕೆ ಕೊಡಬೇಕು ಎಂಬ ಪ್ರಶ್ನೆಯನ್ನು ತಲೆಯೆತ್ತಿದ ಪ್ರತಿ ಹುಡುಗನ ಮುಂದೂ ಆ ಚಾವಣಿ ಇಡುತ್ತದೆ.

ಮೊಸ್ಕೇನಿ ಬಳಿಕ ಕೊಚ್ಚಿಯ ಸಾಂತಾ ಕ್ರೂಸ್ ಪ್ರಧಾನಾಲಯದ ಒಳಭಾಗವನ್ನು ಚಿತ್ರಿಸಿದರು. ಅಲ್ಲಿ ಲಿಯೊನಾರ್ಡೊನ ಮಾದರಿಯ 'ಅಂತಿಮ ಭೋಜನ'ವೂ ಇದೆ. ಆ ಕಟ್ಟಡದ ಪ್ರತಿಷ್ಠೆಗೆ ಕೆಲವೇ ದಿನ ಮುಂಚೆ, 1905ರ ನವೆಂಬರ್ 15ರಂದು, ಅವರು ಕಣ್ಣುಮುಚ್ಚಿದರು.

ಶೆಟ್ಟಿಹಳ್ಳಿ ಮತ್ತು ಮೈಸೂರು

ಹೇಮಾವತಿಯ ಕೆಳದಾರಿಯ ಕಥೆ ಬೇರೆ. ಶ್ರೀರಂಗಪಟ್ಟಣ ಬಿದ್ದ 1799ರ ನಂತರ ಮೈಸೂರು ಸೀಮೆಯ ಕ್ರೈಸ್ತರನ್ನು ಮತ್ತೆ ಕೂಡಿಸಿದ ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ ಅವರಿಗೆ ಹಾಸನ ಬಳಿಯ ಶೆಟ್ಟಿಹಳ್ಳಿಯ ನಂಟಿತ್ತು. ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಅಲ್ಲಿ ಗಾಥಿಕ್ ಶೈಲಿಯಲ್ಲಿ ಜಪಸರ ಮಾತೆಯ ಚರ್ಚ್ ಕಟ್ಟಿದರು. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಾಗ ಊರು ಹಿನ್ನೀರಿಗೆ ಸಿಕ್ಕಿತು, ಜನ ಬೇರೆಡೆಗೆ ಹೋದರು. ಮಳೆಗಾಲ ಮುಗಿಯುವ ಹೊತ್ತಿಗೆ ಕಟ್ಟಡದ ಮೇಲ್ಭಾಗವಷ್ಟೇ ನೀರ ಮೇಲೆ ಕಾಣುತ್ತದೆ. ಬೇಸಿಗೆಯಲ್ಲಿ ನಡೆದು ಹೋಗಬಹುದು. ಚೂಪುಕಮಾನುಗಳ ನಡುವೆ ಇಂದು ಚಿತ್ರವಿಲ್ಲ, ಬಲಿಪೀಠವಿಲ್ಲ, ಚಾವಣಿಯಿಲ್ಲ. ಆದರೂ ಬಲಿಪೀಠದ ಕಡೆಗೆ ನಡೆಯುವವರ ಕಣ್ಣನ್ನು ಮೇಲಕ್ಕೆತ್ತುವ ಆ ಕಮಾನುಗಳೇ ನಂಬಿಕೆಯ ಒಂದು ರೇಖಾಚಿತ್ರ.

ಗಾಥಿಕ್ ಕಟ್ಟಡಗಳಲ್ಲಿ ಗೋಡೆಚಿತ್ರದ ಸ್ಥಾನವನ್ನು ಬಹುಮಟ್ಟಿಗೆ ಬಣ್ಣದ ಗಾಜು ತುಂಬುತ್ತದೆ. ಅದನ್ನು ನೋಡಲು ಮೈಸೂರಿನ ಸಂತ ಫಿಲೋಮಿನಾ ಪ್ರಧಾನಾಲಯಕ್ಕೆ ಹೋಗಬೇಕು. 1933ರಲ್ಲಿ ಅಸ್ತಿಭಾರ ಹಾಕಿದ ಈ ಕಟ್ಟಡದ ಗಾಜಿನ ಕಿಟಕಿಗಳಲ್ಲಿ ಯೇಸುವಿನ ಜನನ, ಅಂತಿಮ ಭೋಜನ, ಶಿಲುಬೆಯ ಮರಣ, ಪುನರುತ್ಥಾನ, ಸ್ವರ್ಗಾರೋಹಣಗಳಿವೆ. ಸೂರ್ಯ ಸರಿದಂತೆ ಅದೇ ಕಥೆ ನೆಲದ ಮೇಲೆ ಬಣ್ಣವಾಗಿ ಸರಿಯುತ್ತದೆ.

ಭಾರತೀಯ ರೂಪ

ಐರೋಪ್ಯ ಕ್ರೈಸ್ತ ಚಿತ್ರಗಳು ಭಾರತದ ಕಲೆಯನ್ನು ಮುಟ್ಟಿದ್ದು ಬಹಳ ಹಿಂದೆ. 1580ರಲ್ಲಿ ಅಕ್ಬರನ ಆಸ್ಥಾನಕ್ಕೆ ಬಂದ ಯೇಸುಸಭೆಯವರು ತಂದ ಚಿತ್ರಗಳನ್ನು ಮೊಘಲ್ ಕಲಾವಿದರು ಆಸಕ್ತಿಯಿಂದ ನಕಲು ಮಾಡಿದರು. ಇಪ್ಪತ್ತನೆಯ ಶತಮಾನದಲ್ಲಿ ಗೋವಾದ ಆಂಜೆಲೊ ದ ಫೊನ್ಸೆಕ ಮರಿಯಮ್ಮನಿಗೆ ಸೀರೆ ಉಡಿಸಿದರು. ಬೆಂಗಳೂರು ಬಳಿಯ ಸಿಲ್ವೆಪುರದಲ್ಲಿ ನೆಲೆಸಿದ ಜ್ಯೋತಿ ಸಾಹಿ ಈ ಮಣ್ಣಿನ ಸಂಕೇತಗಳಲ್ಲೇ ಯೇಸುವನ್ನು ಕಂಡು ಚಿತ್ರಿಸಿದ್ದಾರೆ. ನಂಬಿಕೆಗೆ ಮುಖ ಕೊಡುವ ಕೆಲಸ ಒಂದು ಖಂಡದ ಸ್ವತ್ತಲ್ಲವೆಂದು ಇವರೆಲ್ಲ ತೋರಿಸಿಕೊಟ್ಟರು.

ಸಂರಕ್ಷಣೆ

ಮಂಗಳೂರಿನ ಚಾಪೆಲ್ಲಿನ ಚಿತ್ರಗಳು ಕರಾವಳಿಯ ತೇವದಿಂದ ಮಾಸಿದ್ದವು. 1991ರಿಂದ 1994ರವರೆಗೆ ಪರಂಪರೆಯ ಸಂರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ತಜ್ಞರು ಅವನ್ನು ಶುಚಿಗೊಳಿಸಿ ಉಳಿಸಿಕೊಟ್ಟರು. ಶೆಟ್ಟಿಹಳ್ಳಿಯ ಗೋಡೆ ವರ್ಷವರ್ಷವೂ ನೆನೆದು ಒಣಗಿ ಸವೆಯುತ್ತಿದೆ. ಮನೆಗಳ ಹಳೆಯ ಪಟಗಳಿಗಂತೂ ಲೆಕ್ಕವೇ ಇಲ್ಲ. ಮಲೆನಾಡಿನ ಮಳೆಗಾಲದಲ್ಲಿ ಗಾಜಿನೊಳಗೆ ಬೂಷ್ಟು ಹಿಡಿದು, ಗೆದ್ದಲು ಹತ್ತಿ, ಮನೆಗೆ ಹೊಸ ಬಣ್ಣ ಬಳಿಸುವಾಗ ಅಟ್ಟ ಸೇರುತ್ತವೆ.

ಈ ಸೀಮೆಯ ಓದುಗರಲ್ಲಿ ಒಂದು ಮಾತು. ಅಜ್ಜಿಯ ಕಾಲದ ಪಟವಿದ್ದರೆ ಗೋಡೆಗೂ ಅದಕ್ಕೂ ನಡುವೆ ಗಾಳಿಯಾಡುವಂತೆ ತೂಗುಹಾಕಿ. ಅದು ಯಾರಿಂದ, ಯಾವ ಊರಿಂದ ಬಂತೆಂದು ಹಿರಿಯರನ್ನು ಕೇಳಿ, ಒಂದು ಚೀಟಿಯಲ್ಲಿ ಬರೆದು ಚೌಕಟ್ಟಿನ ಹಿಂದೆ ಅಂಟಿಸಿ. ಶೆಟ್ಟಿಹಳ್ಳಿಗೆ ಹೋದರೆ ಗೋಡೆ ಹತ್ತಬೇಡಿ, ಹೆಸರು ಗೀಚಬೇಡಿ. ಮಂಗಳೂರಿಗೆ ಇಳಿದಾಗ ಬಾವುಟಗುಡ್ಡೆಯ ಚಾಪೆಲ್ಲಿನಲ್ಲಿ ಅರ್ಧ ಗಂಟೆ ಸುಮ್ಮನೆ ಕೂತು ತಲೆಯೆತ್ತಿ ನೋಡಿ. ಬೇಲೂರಿನ ಗೋಡೆಯನ್ನು ಓದಬಲ್ಲ ಕಣ್ಣು ಅದನ್ನೂ ಓದಬಲ್ಲದು.